ಚೈತ್ರದ ಪಂಚಮಿ ಮತ್ತು ಚಾವುಂಡರಾಯ

ಯುಗಾದಿಯ ಬೇವುಬೆಲ್ಲ ಸವಿದು ವಾರ ಕಳೆಯುವಷ್ಟರಲ್ಲಿ ಶ್ರಾವಕರ ಮನೆಗಳಲ್ಲಿ ಮಹಾವೀರ ಜಯಂತಿಯ ಸಿದ್ಧತೆ ಮೊದಲಾಗುತ್ತದೆ. ಪಾಡ್ಯಕ್ಕೂ ತ್ರಯೋದಶಿಗೂ ನಡುವೆ ಸದ್ದಿಲ್ಲದೆ ಬಂದುಹೋಗುವ ತಿಥಿ ಚೈತ್ರ ಶುಕ್ಲ ಪಂಚಮಿ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಗೊಮ್ಮಟೇಶ್ವರನ ಪ್ರತಿಷ್ಠೆಯಾದದ್ದು ಅಂದು ಎಂಬುದು ಸಂಪ್ರದಾಯದ ನಂಬಿಕೆ. ವರ್ಷದ ವಿಷಯದಲ್ಲಿ ವಿದ್ವಾಂಸರು ವಾದಿಸಿದ್ದುಂಟು, ಕ್ರಿ.ಶ. 981 ಎಂಬುದು ಹೆಚ್ಚು ಮಾನ್ಯವಾಗಿದೆ. ಆ ಮೂರ್ತಿಯನ್ನು ಮಾಡಿಸಿದ ಪುಣ್ಯಪುರುಷನನ್ನು ಈ ವಸಂತದಲ್ಲಿ ನೆನೆಯುವುದು ಉಚಿತ.

ಚಾವುಂಡರಾಯ ಬ್ರಹ್ಮಕ್ಷತ್ರ ಕುಲದವನು. ನಮ್ಮ ಮೈಸೂರು ಸೀಮೆಯ ತಲಕಾಡನ್ನು ರಾಜಧಾನಿಯಾಗಿಸಿಕೊಂಡಿದ್ದ ಗಂಗರಲ್ಲಿ ಇಮ್ಮಡಿ ಮಾರಸಿಂಹನಿಗೂ ಅನಂತರ ನಾಲ್ವಡಿ ರಾಚಮಲ್ಲನಿಗೂ ಮಂತ್ರಿಯಾಗಿ, ಸೇನಾನಿಯಾಗಿ ದುಡಿದನು. ಕಾಲ ಕಷ್ಟದ್ದಾಗಿತ್ತು. ಗಂಗರ ಆಸರೆಯಾಗಿದ್ದ ರಾಷ್ಟ್ರಕೂಟ ಸಾಮ್ರಾಜ್ಯ 973ರಲ್ಲಿ ಕುಸಿಯಿತು. ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟನು. ಅಲುಗಾಡುತ್ತಿದ್ದ ಸಿಂಹಾಸನವನ್ನು ಹಿಡಿದು ನಿಲ್ಲಿಸುವ ಹೊಣೆ ಈ ದಂಡನಾಯಕನ ಹೆಗಲಿಗೆ ಬಂತು.

ಅವನ ಬಿರುದುಗಳನ್ನು ಓದುತ್ತ ಹೋದರೆ ಯುದ್ಧಗಳ ಪಟ್ಟಿಯೇ ಕಣ್ಣೆದುರು ತೆರೆದುಕೊಳ್ಳುತ್ತದೆ. ಗೋನೂರಿನಲ್ಲಿ ನೊಳಂಬರನ್ನು ಸೋಲಿಸಿ ವೀರಮಾರ್ತಂಡನಾದನು. ಉಚ್ಚಂಗಿ ಕೋಟೆಯ ಕಾಳಗದಿಂದ ರಣರಂಗಸಿಂಗನಾದನು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಾಡುವ ಬಿರುದು ಸಮರಪರಶುರಾಮ. ಅವನ ತಮ್ಮ ನಾಗವರ್ಮನನ್ನು ಮುದುರಾಚಯ್ಯನೆಂಬ ವೀರನು ಕೊಂದಿದ್ದನು. ಚಾವುಂಡರಾಯನು ಆ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡನು. ಬಿರುದು ಬಂದದ್ದು ಅದಕ್ಕಾಗಿ. ಇದೇ ವ್ಯಕ್ತಿಗೆ ಸಮ್ಯಕ್ತ್ವರತ್ನಾಕರ, ಸತ್ಯಯುಧಿಷ್ಠಿರ ಎಂಬ ಹೆಸರುಗಳೂ ಇದ್ದವು. ಶ್ರಾವಕನ ಅಣುವ್ರತವು ಮುನಿಯ ಮಹಾವ್ರತವಲ್ಲ, ರಾಜ್ಯರಕ್ಷಣೆಯ ಕರ್ತವ್ಯದಲ್ಲಿರುವವನಿಗೆ ವಿರೋಧಿ ಹಿಂಸೆ ಅನಿವಾರ್ಯವೆಂದು ಶಾಸ್ತ್ರಜ್ಞರು ಸಮಾಧಾನ ಹೇಳುತ್ತಾರೆ. ಆ ಮಾತು ಯುದ್ಧಕ್ಕೆ ಒಪ್ಪುತ್ತದೆ. ಸೇಡಿಗೆ ಒಪ್ಪುತ್ತದೆಯೆಂದು ಹೇಳಲು ನನಗೆ ಧೈರ್ಯವಿಲ್ಲ.

ಅಂಥವನು 978ರಲ್ಲಿ ಕತ್ತಿಯನ್ನು ಬದಿಗಿಟ್ಟು ಲೇಖನಿ ಹಿಡಿದನು. ಅರುವತ್ತಮೂರು ಶಲಾಕಾಪುರುಷರ ಚರಿತವನ್ನು ಕನ್ನಡ ಗದ್ಯದಲ್ಲಿ ಬರೆದನು. ಚಾವುಂಡರಾಯ ಪುರಾಣವೆಂದು ಹೆಸರಾದ ಆ ಕೃತಿ ವಡ್ಡಾರಾಧನೆಯ ಜೊತೆಯಲ್ಲಿ ನಮ್ಮ ಪ್ರಾಚೀನ ಗದ್ಯದ ಸಾಕ್ಷಿಯಾಗಿ ಉಳಿದಿದೆ. ಕವಿ ರನ್ನನಿಗೆ ಆಶ್ರಯವಿತ್ತವನೂ ಈತನೇ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಈತನಿಗಾಗಿ ರಚಿಸಿದ ಕರ್ಮಸಿದ್ಧಾಂತದ ಗ್ರಂಥಕ್ಕೆ ಗೊಮ್ಮಟಸಾರವೆಂಬ ಹೆಸರು ಬಂದಿತು. ಗೊಮ್ಮಟನೆಂಬುದು ಚಾವುಂಡರಾಯನ ಇನ್ನೊಂದು ಹೆಸರು.

ಅರುವತ್ತಮೂವರ ಕಥೆ ಬರೆದವನು ಕಲ್ಲಿನಲ್ಲಿ ಕಡೆಯಿಸಲು ಆರಿಸಿಕೊಂಡದ್ದು ಬಾಹುಬಲಿಯನ್ನು. ಅಣ್ಣ ಭರತನೊಡನೆ ನಡೆದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದನು. ಗೆದ್ದ ರಾಜ್ಯವನ್ನು ಬಿಟ್ಟು ಕಾಡಿಗೆ ನಡೆದನು. ತಮ್ಮನ ಕೊಲೆಗೆ ಸೇಡು ತೀರಿಸಿಕೊಂಡಿದ್ದ ಅಣ್ಣನೊಬ್ಬನು ಈ ಕಥೆಯನ್ನು ಯಾವ ಮನಸ್ಸಿನಿಂದ ಬರೆದಿರಬಹುದು?

ತಾಯಿ ಕಾಳಲಾದೇವಿಯ ವ್ರತವೇ ಮೂರ್ತಿಗೆ ಕಾರಣವೆಂದು ಸ್ಥಳಪುರಾಣ ಹೇಳುತ್ತದೆ. ಪೌದನಪುರದ ಬಾಹುಬಲಿಯನ್ನು ಕಾಣುವವರೆಗೆ ಹಾಲು ಮುಟ್ಟೆನೆಂದು ಆಕೆ ಸಂಕಲ್ಪಿಸಿದಳು. ಮಗ ತಾಯಿಯನ್ನು ಕರೆದುಕೊಂಡು ಹೊರಟನು. ಬೆಳಗೊಳದಲ್ಲಿ ತಂಗಿದ್ದಾಗ ಕನಸಿನಲ್ಲಿ ಅಪ್ಪಣೆಯಾಗಿ, ಚಿಕ್ಕಬೆಟ್ಟದಿಂದ ಬಾಣ ಬಿಟ್ಟನು. ಅದು ತಗುಲಿದ ದೊಡ್ಡಬೆಟ್ಟದ ಬಂಡೆಯಲ್ಲಿ ಐವತ್ತೆಂಟು ಅಡಿಯ ಮೂರ್ತಿ ರೂಪುಗೊಂಡಿತು. ಪ್ರತಿಷ್ಠೆಯ ದಿನ ಕೊಡಕೊಡ ಹಾಲೆರೆದರೂ ಅಭಿಷೇಕ ಪಾದದವರೆಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಮೂರ್ತಿಯನ್ನೆಲ್ಲ ತೋಯಿಸಿತು. ಮಾಡಿಸಿದೆನೆಂಬ ಹಮ್ಮು ದಂಡನಾಯಕನಿಗೆ ಅಲ್ಲಿ ಕರಗಿತಂತೆ. ಇಂದಿಗೂ ಆ ಗುಳ್ಳಕಾಯಜ್ಜಿಯ ವಿಗ್ರಹ ಸ್ವಾಮಿಗೆ ಎದುರಾಗಿ ನಿಂತಿದೆ.

ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿ ಚಾವುಂಡರಾಯನ ಹೆಸರಿದೆ. ಮುಂದೆ ಅವನ ಮಗ ಜಿನದೇವಣನೂ ಬೆಳಗೊಳದಲ್ಲಿ ಬಸದಿ ಕಟ್ಟಿಸಿದನು. ದೊಡ್ಡಬೆಟ್ಟವನ್ನು ಹತ್ತುವಾಗ ಸಿಗುವ ತ್ಯಾಗದ ಬ್ರಹ್ಮದೇವರ ಕಂಬವನ್ನು ಯಾತ್ರಿಕರು ಅವಸರದಲ್ಲಿ ದಾಟಿಹೋಗುತ್ತಾರೆ. ಚಾವುಂಡರಾಯನು ತನ್ನ ಚರಿತ್ರೆಯನ್ನು ಕೆತ್ತಿಸಿದ್ದು ಆ ಕಂಬದ ಮೇಲೆ. ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನದೊಂದು ಸಣ್ಣ ಶಾಸನಕ್ಕಾಗಿ ಮೂರು ಮುಖಗಳ ಬರಹವನ್ನು ಅಳಿಸಿಬಿಟ್ಟನು. ಅಳಿದುಹೋದ ಸಾಲುಗಳಲ್ಲಿ ಮೂರ್ತಿಯ ವಿಚಾರ ಇದ್ದಿರಬೇಕೆಂದು ಪಂಡಿತರು ಊಹಿಸುತ್ತಾರೆ. ಉಳಿದ ಒಂದು ಮುಖದಲ್ಲಿರುವುದು ಅವನ ಯುದ್ಧಗಳ ವೃತ್ತಾಂತ.