ಜೋಸೆಫ್ ಕ್ಯಾಂಪ್‌ಬೆಲ್: ನಾಯಕನ ಪಯಣ ಮತ್ತು ಎರಡು ಭಾರತಗಳು

ಜಗತ್ತಿನ ವೀರಕಥನಗಳ ತಳದಲ್ಲಿ ಒಂದೇ ವಿನ್ಯಾಸವಿದೆ ಎಂಬ ಮಾತು ಬಂದಾಗಲೆಲ್ಲ 1949ರಲ್ಲಿ ಪ್ರಕಟವಾದ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ ಗ್ರಂಥದ ಉಲ್ಲೇಖ ಬರುತ್ತದೆ. ಅದರ ಕರ್ತೃ, ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ (1904-1987) ಅವರ ಉಳಿದ ಬದುಕಿನತ್ತ ಗಮನ ಹರಿಯುವುದು ಕಡಿಮೆ. ಆ ಬದುಕಿನಲ್ಲಿ ಭಾರತ ಎರಡು ಬಾರಿ ಪ್ರವೇಶಿಸುತ್ತದೆ: ಮೊದಲು ಗ್ರಂಥಗಳ ಮೂಲಕ, ಅನಂತರ ಕಾಲಿಟ್ಟ ನೆಲವಾಗಿ. ಇವೆರಡರ ನಡುವಣ ಅಂತರವನ್ನು ಗಮನಿಸದೆ ಅವರ ಸಿದ್ಧಾಂತದ ಬೆಲೆ ಕಟ್ಟುವುದು ಕಷ್ಟ.

ಕ್ಯಾಂಪ್‌ಬೆಲ್ ನ್ಯೂಯಾರ್ಕ್ ಬಳಿಯ ವೈಟ್ ಪ್ಲೇನ್ಸ್‌ನಲ್ಲಿ ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಅವರನ್ನು ಸೆಳೆದದ್ದು ಅಮೆರಿಕದ ಮೂಲನಿವಾಸಿಗಳ ಬದುಕು. ನ್ಯೂಯಾರ್ಕಿನ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಕಂಡ ಕುಲಸ್ತಂಭಗಳು ಹಾಗೂ ಮುಖವಾಡಗಳು ಮತ್ತು ಚರ್ಚಿನಲ್ಲಿ ಕಲಿತ ಕಥೆಗಳು ಅವರ ಮನಸ್ಸಿನಲ್ಲಿ ಅಕ್ಕಪಕ್ಕ ನಿಂತವು. ಒಂದೇ ಬಗೆಯ ಸಂಗತಿ ಎರಡೂ ಕಡೆ ಏಕೆ ಬರುತ್ತದೆ ಎಂಬುದು ಅವರ ಮೊದಲ ಪ್ರಶ್ನೆಯಾಯಿತು. 1924ರಲ್ಲಿ ಅಟ್ಲಾಂಟಿಕ್ ಸಾಗರದ ಹಡಗು ಪ್ರಯಾಣವೊಂದರಲ್ಲಿ ಅವರಿಗೆ ಜಿಡ್ಡು ಕೃಷ್ಣಮೂರ್ತಿಯವರ ಪರಿಚಯವಾಯಿತು. ಆ ತಂಡದಲ್ಲಿದ್ದವರೊಬ್ಬರು ಕೊಟ್ಟ ಎಡ್ವಿನ್ ಆರ್ನಾಲ್ಡ್‌ನ ‘ಲೈಟ್ ಆಫ್ ಏಷ್ಯಾ’ ಕಾವ್ಯದಿಂದ ಬುದ್ಧನ ಚರಿತ್ರೆ ತಿಳಿಯಿತು. ಮುಂದೆ ಅವರು ರೂಪಿಸಿದ ವಿನ್ಯಾಸದಲ್ಲಿ ಬುದ್ಧನ ಕಥೆಗೆ ದೊರೆತ ಪ್ರಾಶಸ್ತ್ಯಕ್ಕೆ ಈ ಓದು ಮೊದಲ ಹೆಜ್ಜೆ.

ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1927ರಲ್ಲಿ ಆರ್ಥರ್ ರಾಜನ ಕಥಾಚಕ್ರವನ್ನು ಕುರಿತು ಎಂ.ಎ. ಪ್ರಬಂಧ ಸಲ್ಲಿಸಿದ ಕ್ಯಾಂಪ್‌ಬೆಲ್, ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್ಸಿಗೂ ಮ್ಯೂನಿಕ್‌ಗೂ ಹೋದರು. ಮ್ಯೂನಿಕ್‌ನಲ್ಲಿ ಸಂಸ್ಕೃತ ಕಲಿತರು. ಜಾಯ್ಸ್, ಥಾಮಸ್ ಮಾನ್, ಫ್ರಾಯ್ಡ್, ಯೂಂಗ್ ಇವರ ಬರಹಗಳ ಪರಿಚಯವಾದದ್ದೂ ಯೂರೋಪಿನಲ್ಲಿಯೇ. 1929ರಲ್ಲಿ ಮರಳಿದಾಗ, ಮಧ್ಯಯುಗದ ಸಾಹಿತ್ಯದ ಜೊತೆಗೆ ಸಂಸ್ಕೃತವನ್ನೂ ಆಧುನಿಕ ಕಲೆಯನ್ನೂ ಸೇರಿಸಿಕೊಂಡು ಸಂಶೋಧನೆ ಮುಂದುವರಿಸುವ ಅವರ ಇಚ್ಛೆಗೆ ವಿಭಾಗ ಒಪ್ಪಲಿಲ್ಲ. ಅವರು ಪಿಎಚ್.ಡಿ.ಯನ್ನು ಕೈಬಿಟ್ಟರು. ಅದೇ ವೇಳೆಗೆ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾಗಿತ್ತು; ಉದ್ಯೋಗವೂ ಇರಲಿಲ್ಲ. ವುಡ್‌ಸ್ಟಾಕ್‌ನ ಬಾಡಿಗೆ ಗುಡಿಸಲಿನಲ್ಲಿ ಅವರು ದಿನಕ್ಕೆ ಒಂಬತ್ತು ಗಂಟೆಯಂತೆ ಓದಿದರು. ಸುಮಾರು ಐದು ವರ್ಷಗಳ ಈ ಓದಿಗೆ ಪಠ್ಯಕ್ರಮವಿರಲಿಲ್ಲ, ಮಾರ್ಗದರ್ಶಕರಿರಲಿಲ್ಲ, ಪರೀಕ್ಷಕರೂ ಇರಲಿಲ್ಲ. ಮುಂದಿನ ಅವರ ಬರವಣಿಗೆಯ ವಿಸ್ತಾರ ಹುಟ್ಟಿದ್ದು ಇಲ್ಲಿಯೇ. ಒಂದು ಭಾಷೆಯ, ಒಂದು ಪ್ರದೇಶದ ಸಾಮಗ್ರಿಗೆ ಕಟ್ಟುಬಿದ್ದು ದುಡಿಯುವ ಶಿಸ್ತಿನ ಕೊರತೆಯ ಮೂಲವನ್ನೂ ಇಲ್ಲಿಯೇ ಗುರುತಿಸಬೇಕಾಗುತ್ತದೆ.

1934ರಲ್ಲಿ ಅವರು ಸಾರಾ ಲಾರೆನ್ಸ್ ಕಾಲೇಜು ಸೇರಿ 38 ವರ್ಷ ಅಧ್ಯಾಪನ ಮಾಡಿದರು. ಆಗ ಅದು ಮಹಿಳೆಯರ ಕಾಲೇಜು. 1940ರ ದಶಕದ ಆರಂಭದಲ್ಲಿ ಜರ್ಮನ್ ಭಾರತಶಾಸ್ತ್ರಜ್ಞ ಹೈನ್ರಿಕ್ ಝಿಮ್ಮರ್ ಅವರ ಸ್ನೇಹ ದೊರೆಯಿತು. ಪತ್ನಿ ಯಹೂದಿ ಮೂಲದವರೆಂಬ ಕಾರಣಕ್ಕೆ ನಾತ್ಸಿ ಆಡಳಿತದಲ್ಲಿ ಹೈಡೆಲ್‌ಬರ್ಗ್‌ನ ಹುದ್ದೆ ಕಳೆದುಕೊಂಡ ಝಿಮ್ಮರ್ ನ್ಯೂಯಾರ್ಕಿಗೆ ಬಂದು, 1943ರಲ್ಲಿ ಅಕಾಲಿಕವಾಗಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನೂ ಉಪನ್ಯಾಸಗಳನ್ನೂ ಕ್ಯಾಂಪ್‌ಬೆಲ್ ಸುಮಾರು ಹನ್ನೆರಡು ವರ್ಷ ದುಡಿದು ನಾಲ್ಕು ಗ್ರಂಥಗಳಾಗಿ ಸಂಪಾದಿಸಿದರು. ಭಾರತೀಯ ಕಲೆ ಮತ್ತು ನಾಗರಿಕತೆಯ ಪುರಾಣ-ಪ್ರತೀಕಗಳನ್ನು ಕುರಿತ 1946ರ ಗ್ರಂಥ, ಭಾರತೀಯ ದರ್ಶನಗಳನ್ನು ಕುರಿತ 1951ರ ಗ್ರಂಥ ಇವುಗಳಲ್ಲಿ ಸೇರಿವೆ. ಸ್ವಾಮಿ ನಿಖಿಲಾನಂದರು ಇಂಗ್ಲಿಷಿಗೆ ತಂದ ಶ್ರೀರಾಮಕೃಷ್ಣ ವಚನವೇದದ (1942) ಭಾಷೆಯನ್ನು ತಿದ್ದುವಲ್ಲಿಯೂ ಅವರ ನೆರವಿತ್ತು. ಗಮನಾರ್ಹವಾದ ಸಂಗತಿಯೆಂದರೆ, ಝಿಮ್ಮರ್ ಭಾರತವನ್ನು ಎಂದೂ ಕಂಡಿರಲಿಲ್ಲ. ಆ ಹೊತ್ತಿಗೆ ಕ್ಯಾಂಪ್‌ಬೆಲ್ ಕೂಡ ಕಂಡಿರಲಿಲ್ಲ. ‘ಹೀರೋ’ ಗ್ರಂಥದ ಭಾರತ ಪೂರ್ತಿಯಾಗಿ ಗ್ರಂಥಗಳಿಂದ ಎದ್ದು ಬಂದ ಭಾರತ.

ನಾಯಕಕಥೆಗೆ ಸಮಾನ ವಿನ್ಯಾಸವಿದೆಯೆಂದು ಹೇಳಿದವರಲ್ಲಿ ಕ್ಯಾಂಪ್‌ಬೆಲ್ ಮೊದಲಿಗರಲ್ಲ. 1909ರಲ್ಲಿ ಆಟೊ ರ‍್ಯಾಂಕ್ ಅವರು ಈಡಿಪಸ್, ಮೋಸೆಸ್ ಮೊದಲಾದವರೊಡನೆ ನಮ್ಮ ಕರ್ಣನನ್ನೂ ಇರಿಸಿ ನಾಯಕನ ಜನನವೃತ್ತಾಂತವನ್ನು ಮನೋವಿಶ್ಲೇಷಣೆಗೆ ಒಳಪಡಿಸಿದ್ದರು. 1936ರಲ್ಲಿ ಲಾರ್ಡ್ ರ‍್ಯಾಗ್ಲನ್ 22 ಲಕ್ಷಣಗಳ ಪಟ್ಟಿಯನ್ನು ಕೊಟ್ಟಿದ್ದರು. ಕ್ಯಾಂಪ್‌ಬೆಲ್ ಜನನದಿಂದ ಪಯಣದತ್ತ ಒತ್ತನ್ನು ಸರಿಸಿದರು. ಜಾಯ್ಸ್‌ನ ‘ಫಿನಿಗನ್ಸ್ ವೇಕ್’ ಕೃತಿಯಿಂದ ‘ಮಾನೊಮಿತ್’ ಎಂಬ ಪದವನ್ನು ಎತ್ತಿಕೊಂಡರು. ಕನ್ನಡದಲ್ಲಿ ಏಕಪುರಾಣ ಎನ್ನಬಹುದು. ನಿರ್ಗಮನ, ದೀಕ್ಷೆ, ಪುನರಾಗಮನ ಎಂಬ ಮೂರು ಘಟ್ಟಗಳಲ್ಲಿ 17 ಹಂತಗಳನ್ನು ಜೋಡಿಸಿದರು. ಅರಮನೆ ತೊರೆದ ಸಿದ್ಧಾರ್ಥ, ಬೋಧಿವೃಕ್ಷದಡಿ ಮಾರನನ್ನು ಎದುರಿಸಿ, ಕಂಡದ್ದನ್ನು ಹೇಳಲು ಹಿಂಜರಿದು, ಬ್ರಹ್ಮನ ಕೋರಿಕೆಯಂತೆ ಲೋಕಕ್ಕೆ ಮರಳಿದ ಕಥೆ ಈ ಚೌಕಟ್ಟಿಗೆ ಸೊಗಸಾಗಿ ಒಪ್ಪುತ್ತದೆ.

ಒಪ್ಪದ ಕಥೆಯೊಂದೂ ಗ್ರಂಥದಲ್ಲಿಯೇ ಇದೆ. ದೇವತೆಗಳಿಗಾಗಿ ಹೋರಾಡಿ ದಣಿದು ಗುಹೆಯಲ್ಲಿ ಮಲಗಿದ ಮುಚುಕುಂದ ಯುಗಗಳ ಬಳಿಕ ಎಚ್ಚರಗೊಳ್ಳುತ್ತಾನೆ. ಅವನ ನೋಟಕ್ಕೆ ಸಿಕ್ಕ ಕಾಲಯವನ ಸುಟ್ಟು ಬೂದಿಯಾಗುತ್ತಾನೆ. ಗುಹೆಯಿಂದ ಹೊರಬಂದು ಕುಗ್ಗಿಹೋದ ಮನುಷ್ಯರನ್ನು ಕಂಡ ರಾಜ ಊರಿಗೆ ಹೋಗದೆ ತಪಸ್ಸಿಗೆ ಹೊರಡುತ್ತಾನೆ. ಕ್ಯಾಂಪ್‌ಬೆಲ್ ಇದನ್ನು ‘ಮರಳುವಿಕೆಯ ನಿರಾಕರಣೆ’ ಎಂಬ ಹಂತದಲ್ಲಿ ಇಡುತ್ತಾರೆ. ಭಾಗವತದ ದೃಷ್ಟಿಯಲ್ಲಾದರೋ ಅದು ನಿರಾಕರಣೆಯಲ್ಲ. ಕೃಷ್ಣದರ್ಶನ ಪಡೆದವನಿಗೆ ಉಳಿದ ಸಹಜ ಮಾರ್ಗ. ಮರಳುವುದೇ ಗುರಿ ಎಂದು ಮೊದಲೇ ನಿಶ್ಚಯಿಸಿದ ವಿನ್ಯಾಸಕ್ಕೆ ಮಾತ್ರ ಅದು ಕೊರತೆಯಾಗಿ ಕಾಣುತ್ತದೆ.

1954ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಕ್ಯಾಂಪ್‌ಬೆಲ್ ಭಾರತಕ್ಕೆ ಬಂದರು. ಪ್ರವಾಸದ ಮೊದಲ ಭಾಗದಲ್ಲಿ ನಿಖಿಲಾನಂದರ ಜೊತೆಗಿದ್ದರು. ನೃತ್ಯಗಾರ್ತಿಯಾದ ಪತ್ನಿ ಜೀನ್ ಎರ್ಡ್‌ಮನ್ ಬಳಿಕ ಸೇರಿಕೊಂಡು ಇಲ್ಲಿ ಪ್ರದರ್ಶನಗಳನ್ನು ನೀಡಿದರು. ತಿರುವನಂತಪುರದಲ್ಲಿ ವೇದಾಂತ ಗುರು ಆತ್ಮಾನಂದ ಕೃಷ್ಣ ಮೆನನ್ ಅವರೊಡನೆ ನಡೆದ ಭೇಟಿ ಕ್ಯಾಂಪ್‌ಬೆಲ್ ಅವರಿಗೆ ತೃಪ್ತಿ ತಂದ ಕೆಲವೇ ಪ್ರಸಂಗಗಳಲ್ಲೊಂದು. ಉಳಿದಂತೆ ಅವರ ನಿಧನಾನಂತರ 1995ರಲ್ಲಿ ಪ್ರಕಟವಾದ ದಿನಚರಿಯ ತುಂಬ ಅಸಮಾಧಾನವೇ ಇದೆ. ಬಡತನ, ಭಿಕ್ಷಾಟನೆ, ಸ್ವಾತಂತ್ರ್ಯ ಬಂದು ಏಳು ವರ್ಷವಾದ ದೇಶದ ರಾಜಕೀಯ ಹುಮ್ಮಸ್ಸು, ಅಮೆರಿಕವನ್ನು ಕುರಿತ ಟೀಕೆ ಇವೆಲ್ಲ ಅವರನ್ನು ಕೆರಳಿಸಿದವು. ಬ್ರಹ್ಮವನ್ನು ಅರಸಿ ಬಂದವರಿಗೆ ನೆಹರೂ ಯುಗದ ಭಾರತ ಎದುರಾಗಿತ್ತು. ತಪ್ಪು ಆ ನೆಲದ್ದಲ್ಲ ಎಂಬುದು ದಿನಚರಿಯನ್ನು ಓದಿದವರಿಗೆ ಹೊಳೆಯದಿರದು. ಆರು ತಿಂಗಳ ಬಳಿಕ ಮುಂದುವರಿದು ತಲುಪಿದ ಜಪಾನ್ ಅವರಿಗೆ ಹೆಚ್ಚು ಹಿಡಿಸಿತು.

ಈ ಪ್ರವಾಸದ ಪರಿಣಾಮ 1959ರಿಂದ 1968ರವರೆಗೆ ಹೊರಬಂದ ‘ದಿ ಮಾಸ್ಕ್ಸ್ ಆಫ್ ಗಾಡ್’ ಗ್ರಂಥದ ನಾಲ್ಕು ಸಂಪುಟಗಳಲ್ಲಿ ಸ್ಪಷ್ಟವಾಗಿದೆ. ಎಲ್ಲ ಕಥೆಗಳೂ ಒಂದೇ ಎಂದಿದ್ದವರು ಈಗ ಪೂರ್ವ ಪಶ್ಚಿಮಗಳಿಗೆ ಬೇರೆಬೇರೆ ಸಂಪುಟಗಳನ್ನು ಮೀಸಲಿಟ್ಟರು. ಪೂರ್ವದಲ್ಲಿ ವ್ಯಕ್ತಿ ಸಮಾಜಧರ್ಮದೊಳಗೆ ಕರಗುತ್ತಾನೆ, ಪಶ್ಚಿಮದಲ್ಲಿ ತನ್ನ ದಾರಿ ತಾನೇ ಕಂಡುಕೊಳ್ಳುತ್ತಾನೆ ಎಂಬ ವಾದ ಅಲ್ಲಿ ಬೆಳೆಯಿತು. ಕೊನೆಯ ಸಂಪುಟ ಅವರ ಎಂ.ಎ. ದಿನಗಳ ಆರ್ಥರ್ ಕಥಾಲೋಕಕ್ಕೆ ಮರಳುತ್ತದೆ. ಏಕತೆಯಿಂದ ದ್ವೈತಕ್ಕೆ ನಡೆದ ಈ ಪಲ್ಲಟವೂ ಸಾರಾಸಗಟು ನಿರ್ಣಯವೇ. ಸಂನ್ಯಾಸ, ಭಕ್ತಿ, ಶರಣ ಚಳವಳಿಗಳಂಥ ವ್ಯಕ್ತಿನಿಷ್ಠ ಬಂಡಾಯಗಳಿಗೆ ಆ ‘ಪೂರ್ವ’ದಲ್ಲಿ ತಕ್ಕ ಸ್ಥಾನವಿಲ್ಲ.

ದಶಕಗಳ ಕಾಲ ಮಹಿಳೆಯರಿಗೆ ಪುರಾಣ ಪಾಠ ಹೇಳಿದವರ ವಿನ್ಯಾಸದಲ್ಲಿ ಹೆಣ್ಣು ಬಹುಮಟ್ಟಿಗೆ ದೇವಿಯಾಗಿ, ಮಾಯೆಯಾಗಿ ದಾರಿಯಲ್ಲಿ ಎದುರಾಗುವವಳು. ಅವರ ವಿಚಾರಗಳಿಗೆ ಪ್ರತಿಯಾಗಿ ಮೌರೀನ್ ಮರ್ಡಾಕ್ 1990ರಲ್ಲಿ ನಾಯಕಿಯ ಪಯಣವನ್ನು ಕುರಿತು ಬರೆದರು. ಕನ್ನಡದ ನೆಲದಿಂದಲೂ ಪರೋಕ್ಷವಾದ ಉತ್ತರವೊಂದಿದೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಚರ್ಚಿಸಿದ ಕನ್ನಡ ಕಥೆಯಲ್ಲಿ, ಹೆತ್ತ ಮಗನನ್ನೇ ಮದುವೆಯಾಗುವೆಯೆಂಬ ವಿಧಿಯಿಂದ ತಪ್ಪಿಸಿಕೊಳ್ಳಲು ಹುಡುಗಿಯೊಬ್ಬಳು ಕಾಡು ಸೇರುತ್ತಾಳೆ. ವಿಧಿ ಅಲ್ಲಿಗೂ ಬರುತ್ತದೆ. ಹೊಳೆಗೆ ಬಿಟ್ಟ ಮಗು ಅರಸುಮಗನಾಗಿ ಬೆಳೆದು ಅವಳನ್ನೇ ವರಿಸುತ್ತಾನೆ. ಮಗುವಿಗೆ ಸುತ್ತಿದ್ದ ಸೀರೆಯ ತುಂಡಿನಿಂದ ನಿಜ ತಿಳಿದು ಅವಳು ನೇಣು ಹಾಕಿಕೊಳ್ಳುತ್ತಾಳೆ. ರ‍್ಯಾಂಕ್ ಅವರ ಪಟ್ಟಿಯಲ್ಲಿ ಮಗನ ಕಥೆಯಾಗಿದ್ದ ಈಡಿಪಸ್ ವೃತ್ತಾಂತ ಇಲ್ಲಿ ತಾಯಿಯ ಕಥೆ. ನಿರ್ಗಮನ ಅವಳದೇ. ಪುನರಾಗಮನ ಮಾತ್ರ ಇಲ್ಲ. ಆಶಯಗಳನ್ನಷ್ಟೇ ಎಣಿಸುವವರಿಗೆ ಎರಡೂ ಒಂದೇ ಕಥೆ. ಹೇಳುವವರು ಯಾರೆಂದು ಕೇಳುವವರಿಗೆ ಅಲ್ಲ.

1977ರ ‘ಸ್ಟಾರ್ ವಾರ್ಸ್’ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಸ್ ತಮ್ಮ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡ ಬಳಿಕ ಕ್ಯಾಂಪ್‌ಬೆಲ್ ಹೆಸರು ವಿದ್ವತ್ ವಲಯದ ಆಚೆಗೂ ಹರಡಿತು. ಬಿಲ್ ಮಾಯರ್ಸ್ ನಡೆಸಿದ ದೂರದರ್ಶನ ಸಂವಾದ 1988ರಲ್ಲಿ ಪ್ರಸಾರವಾದಾಗ ಕ್ಯಾಂಪ್‌ಬೆಲ್ ಬದುಕಿರಲಿಲ್ಲ. 1987ರ ಅಕ್ಟೋಬರ್ 30ರಂದು ಹೊನೊಲುಲುವಿನಲ್ಲಿ ನಿಧನರಾಗಿದ್ದರು. ಮರು ವರ್ಷವೇ ಅವರ ಯಹೂದಿ ದ್ವೇಷದ ಬಗ್ಗೆ ಬಂದ ಆಪಾದನೆ ದೊಡ್ಡ ವಿವಾದವಾಯಿತು. ಜಾನಪದ ವಿದ್ವಾಂಸ ಅಲನ್ ಡಂಡಸ್ ಅವರಂತೂ ಕ್ಯಾಂಪ್‌ಬೆಲ್ ವಿಧಾನವನ್ನು ಕಟುವಾಗಿ ಖಂಡಿಸಿದರು. ಕೊನೆಯ ವರ್ಷಗಳಲ್ಲಿ ಕ್ಯಾಂಪ್‌ಬೆಲ್ ತೊಡಗಿಕೊಂಡಿದ್ದದ್ದು ವಿಶ್ವಪುರಾಣಗಳ ಚಾರಿತ್ರಿಕ ಭೂಪಟ ಸಂಪುಟಗಳ ರಚನೆಯಲ್ಲಿ. ಬೇಟೆಗಾರರ ಪುರಾಣಗಳು, ಬೇಸಾಯಗಾರರ ಪುರಾಣಗಳು ಎಂದು ವಿಂಗಡಿಸಿ, ಒಂದೊಂದು ಕಥೆಯನ್ನೂ ಅದು ಹುಟ್ಟಿದ ಜಾಗದಲ್ಲಿ ಗುರುತಿಸುವ ಕೆಲಸವದು. ಮೊದಲ ಸಂಪುಟ 1983ರಲ್ಲಿ ಹೊರಬಂತು. ಯೋಜನೆ ಪೂರ್ಣಗೊಳ್ಳಲಿಲ್ಲ.