ಹಾಕಿಯ ಧ್ಯಾನ್ ಚಂದ್

ಹಾಕಿ ಅಂದರೆ ನಮಗೆ ಇವತ್ತಿಗೂ ಧ್ಯಾನ್ ಚಂದ್. ಅವರ ಆಟವನ್ನು ನಾವು ಕಣ್ಣಾರೆ ಕಂಡವರಲ್ಲ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಹೇಳಿದ್ದನ್ನು ಕೇಳಿಯೇ ಹಿಡಿದ ಹುಚ್ಚು, ಇನ್ನೂ ಬಿಟ್ಟಿಲ್ಲ.

1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿದ ಇವರು 1922ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದರು. ಡ್ಯೂಟಿ ಮುಗಿಸಿ ಬೆಳದಿಂಗಳಲ್ಲಿ ಆಟ ಅಭ್ಯಾಸ ಮಾಡುತ್ತಿದ್ದರಂತೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 14 ಗೋಲು ಹೊಡೆದರು. 1932ರಲ್ಲೂ 1936ರಲ್ಲೂ ಚಿನ್ನ ನಮ್ಮ ದೇಶಕ್ಕೇ ಬಂತು. 1936ರ ಬರ್ಲಿನ್‌ನಲ್ಲಿ ಇವರೇ ನಾಯಕರು. ಮೊದಲು ಅಭ್ಯಾಸ ಪಂದ್ಯದಲ್ಲಿ ಜರ್ಮನಿಗೆ ಸೋತಿದ್ದ ತಂಡ, ಫೈನಲ್‌ನಲ್ಲಿ ಅದೇ ಜರ್ಮನಿಯನ್ನು 8-1ರಿಂದ ಸೋಲಿಸಿತು.

ಚೆಂಡು ಕೋಲಿಗೆ ಅಂಟಿಕೊಂಡಂತೆ ಹೋಗುತ್ತಿತ್ತಂತೆ. ಆದರೂ ತಾವೇ ಗೋಲು ಹೊಡೆಯಬೇಕೆಂಬ ಹಟವಿರಲಿಲ್ಲ. ಒಳ್ಳೆ ಜಾಗದಲ್ಲಿದ್ದ ಜೊತೆಗಾರನಿಗೆ ಚೆಂಡು ಕೊಡುತ್ತಿದ್ದರು. ಸಹಕಾರ ಅಂದರೂ ಇದೇ ಅಲ್ಲವೇ?

1956ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೈನ್ಯದಿಂದ ನಿವೃತ್ತಿ. ಕೊನೆಗಾಲ ಮಾತ್ರ ಹಣದ ಅಡಚಣೆಯಲ್ಲೇ ಕಳೆಯಿತು. 1979ರ ಡಿಸೆಂಬರ್ 3ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂದು ಅವರ ಹುಟ್ಟಿದ ದಿನವೇ ರಾಷ್ಟ್ರೀಯ ಕ್ರೀಡಾ ದಿನ.

ಸತ್ತ ಮೇಲೆ ಹಾರ ಹಾಕುವುದಕ್ಕಿಂತ ಇದ್ದಾಗ ವಿಚಾರಿಸಿಕೊಳ್ಳುವುದು ಲೇಸು. ನಮ್ಮ ಸಂಘ ಕಟ್ಟಿದ ಹಿರಿಯರ ವಿಷಯದಲ್ಲೂ ನಾವು ಇದನ್ನು ಮರೆಯಬಾರದು.