ಸಮಪಾಲಿನ ಸೂತ್ರಧಾರ ಪೀಟ್ ರೊಜೆಲ್

2024ರ ಚಳಿಗಾಲವನ್ನು ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕಳೆದೆ. ಹೊರಗೆ ಹಿಮ, ಒಳಗೆ ಬಿಡುವು. ಇವೆರಡರ ನಡುವೆ ಸಿಕ್ಕಿಬಿದ್ದ ನನ್ನಂತಹ ಮುದುಕನಿಗೆ ನೆರೆಮನೆಯ ವೃದ್ಧರೊಬ್ಬರ ಸ್ನೇಹ ದೊರೆತದ್ದು ಭಾಗ್ಯವೆಂದೇ ಹೇಳಬೇಕು. ಅವರು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಊರಿನಲ್ಲಿ ಹುಟ್ಟಿ ಬೆಳೆದವರು. ಊರು ಬಿಟ್ಟು ಐವತ್ತು ವರ್ಷಗಳಾಗಿದ್ದರೂ ಆ ಊರಿನ ಫುಟ್‌ಬಾಲ್ ತಂಡವಾದ ಪ್ಯಾಕರ್ಸ್ ಮೇಲಿನ ಮಮತೆ ಅವರಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಾಳಿಗಳ ಸಾಲನ್ನು ಭೇದಿಸಿ ನುಗ್ಗುವ ಒಂದು ಬಗೆಯ ವ್ಯೂಹಯುದ್ಧವದು.

ಆ ಹಿರಿಯರಿಗೆ ಒಂದು ಕೊರಗಿತ್ತು. ದೂರದ ಊರಿನಲ್ಲಿದ್ದುಕೊಂಡು ತಮ್ಮ ತಂಡದ ಪಂದ್ಯಗಳನ್ನೆಲ್ಲ ಟೆಲಿವಿಷನ್ನಿನಲ್ಲಿ ನೋಡಬೇಕಾದರೆ ಅವರು ಒಂದಲ್ಲ, ಮೂರು ನಾಲ್ಕು ಕಡೆ ಚಂದಾ ಕಟ್ಟಬೇಕಾಗಿತ್ತು. ಭಾನುವಾರದ ಆಟಕ್ಕೆ ಒಂದು, ಗುರುವಾರದ್ದಕ್ಕೆ ಇನ್ನೊಂದು, ಸೋಮವಾರದ್ದಕ್ಕೆ ಮತ್ತೊಂದು. ವರ್ಷ ವರ್ಷವೂ ಆ ದರ ಏರುತ್ತಲೇ ಬಂದಿತ್ತು. ಒಂದು ಸಂಜೆ ಲೆಕ್ಕದ ಕಾಗದವನ್ನು ನನ್ನ ಮುಂದಿಟ್ಟು, ತಾವು ಗೊಣಗುವ ಈ ಬೆಲೆಗೂ ತಮ್ಮ ಊರಿನ ತಂಡ ಇಂದಿಗೂ ಬದುಕಿರುವುದಕ್ಕೂ ಕಾರಣನಾದವನು ಒಬ್ಬನೇ ಮನುಷ್ಯ ಎಂದು ಅವರು ಹೇಳಿದರು. ಈ ವಿಚಿತ್ರವಾದ ಮಾತು ನನ್ನ ಕುತೂಹಲವನ್ನು ಕೆರಳಿಸಿತು. ಮರುದಿನವೇ ಅಲ್ಲಿನ ಸಾರ್ವಜನಿಕ ಪುಸ್ತಕಭಂಡಾರಕ್ಕೆ ಹೋಗಿ ಆ ಮನುಷ್ಯನ ಚರಿತ್ರೆಯನ್ನು ಓದತೊಡಗಿದೆ. ಅವನೇ ಪೀಟ್ ರೊಜೆಲ್.

ರೊಜೆಲ್ ಹುಟ್ಟಿದ್ದು 1926ರ ಮಾರ್ಚ್ 1ರಂದು, ಲಾಸ್ ಏಂಜಲೀಸ್ ನಗರದ ಬಳಿಯ ಸೌತ್ ಗೇಟ್ ಎಂಬಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಆಲ್ವಿನ್ ರೇ. ಪೀಟ್ ಎಂಬುದು ಚಿಕ್ಕಂದಿನಲ್ಲಿ ಬಂಧುವೊಬ್ಬರು ಪ್ರೀತಿಯಿಂದ ಕರೆದ ಹೆಸರು. ಅದೇ ಕೊನೆಯವರೆಗೂ ಉಳಿಯಿತು. ಎರಡನೆಯ ಮಹಾಯುದ್ಧದ ಕಡೆಯ ದಿನಗಳಲ್ಲಿ ನೌಕಾಪಡೆಗೆ ಸೇರಿ ಪೆಸಿಫಿಕ್ ಸಾಗರದಲ್ಲಿ ಸೇವೆ ಮಾಡಿ ಬಂದ ಯುವಕ, 1946ರಲ್ಲಿ ಕಾಂಪ್ಟನ್ ಜೂನಿಯರ್ ಕಾಲೇಜಿಗೆ ಸೇರಿದ. ಆ ವರ್ಷವೇ ಕ್ಲೀವ್‌ಲೆಂಡ್ ನಗರವನ್ನು ಬಿಟ್ಟು ಲಾಸ್ ಏಂಜಲೀಸಿಗೆ ಬಂದಿದ್ದ ರ‍್ಯಾಮ್ಸ್ ತಂಡ ಅದೇ ಕಾಲೇಜಿನ ಮೈದಾನದಲ್ಲಿ ಅಭ್ಯಾಸ ನಡೆಸುತ್ತಿತ್ತು. ತಂಡದ ಪ್ರಚಾರದ ಕೆಲಸಕ್ಕೆ ಕೈನೆರವು ನೀಡುತ್ತ ರೊಜೆಲ್ ಈ ಲೋಕವನ್ನು ಪ್ರವೇಶಿಸಿದ. ದೈವಸಂಕಲ್ಪವೆಂದು ನಂಬುವವರು ಇದನ್ನು ಹಾಗೆಯೇ ಎನ್ನಬಹುದು.

ಆತ ಹೆಸರಾಂತ ಆಟಗಾರನಲ್ಲ. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯದಲ್ಲಿ 1950ರಲ್ಲಿ ಪದವಿ ಪಡೆದು, 1952ರಲ್ಲಿ ರ‍್ಯಾಮ್ಸ್ ತಂಡದ ಪ್ರಚಾರಾಧಿಕಾರಿಯಾಗಿ, ನಡುವೆ ಕೆಲಕಾಲ ಹೊರಗಿದ್ದು, 1957ರಲ್ಲಿ ಅದೇ ತಂಡದ ವ್ಯವಸ್ಥಾಪಕನಾಗಿ ಮರಳಿದ. ತಂಡದ ಒಡೆಯರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲವದು. ಯಾರ ಮನಸ್ಸನ್ನೂ ನೋಯಿಸದೆ ಎಲ್ಲರಿಂದಲೂ ಕೆಲಸ ತೆಗೆಯುವ ಆತನ ಜಾಣ್ಮೆ ಪಕ್ವವಾದದ್ದು ಅಲ್ಲಿಯೇ. ಹಾಗೆಂದು ತಂಡವೇನೂ ಗೆಲುವಿನ ಮೇಲೆ ಗೆಲುವು ಸಾಧಿಸಲಿಲ್ಲ. 1959ರಲ್ಲಿ ಆಡಿದ ಹನ್ನೆರಡು ಪಂದ್ಯಗಳಲ್ಲಿ ಅದು ಗೆದ್ದದ್ದು ಎರಡನ್ನು ಮಾತ್ರ.

ಅದೇ ವರ್ಷದ ಅಕ್ಟೋಬರ್ 11ರಂದು ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮುಖ್ಯಸ್ಥರಾಗಿದ್ದ ಬರ್ಟ್ ಬೆಲ್, ಫಿಲಡೆಲ್ಫಿಯದಲ್ಲಿ ಪಂದ್ಯವೊಂದನ್ನು ನೋಡುತ್ತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಉತ್ತರಾಧಿಕಾರಿಯನ್ನು ಆರಿಸಲು 1960ರ ಜನವರಿಯಲ್ಲಿ ತಂಡಗಳ ಒಡೆಯರು ಮಯಾಮಿ ಬೀಚಿನ ಹೋಟೆಲೊಂದರಲ್ಲಿ ಸೇರಿದರು. ಎರಡು ಬಣಗಳು ಹಟ ಹಿಡಿದು ದಿನಗಟ್ಟಲೆ ಜಗ್ಗಾಡಿದವು. ಕೊನೆಗೆ ಬೇಸತ್ತು ಯಾರಿಗೂ ಶತ್ರುವಲ್ಲದ ರೊಜೆಲ್‌ನ ಹೆಸರನ್ನು ಎತ್ತಿದರು. ಚರ್ಚೆ ನಡೆಯುವಾಗ ಹೊರಗಿರಬೇಕಾಗಿ ಬಂದ ಆತ ಕೈತೊಳೆಯುವ ಕೋಣೆಯಲ್ಲಿ ಕಾಲ ಕಳೆದನಂತೆ. ಯಾರಾದರೂ ಒಳಬಂದಾಗಲೆಲ್ಲ, ಸುಮ್ಮನೆ ನಿಂತಿರುವಂತೆ ಕಾಣಬಾರದೆಂದು ಮತ್ತೆ ಮತ್ತೆ ಕೈತೊಳೆಯುತ್ತಿದ್ದನಂತೆ. ಇಪ್ಪತ್ತಮೂರನೆಯ ಸುತ್ತಿನ ಮತದಾನದಲ್ಲಿ ಆಯ್ಕೆಯಾದಾಗ ಆತನಿಗೆ ಇನ್ನೂ ಮೂವತ್ತಮೂರು ವರ್ಷ.

ರೊಜೆಲ್ ಅಧಿಕಾರ ವಹಿಸಿಕೊಂಡಾಗ ಲೀಗಿನ ಟೆಲಿವಿಷನ್ ವ್ಯವಹಾರ ಹೇಗಿತ್ತೆಂಬುದನ್ನು ವಾಚಕರು ತಿಳಿಯುವುದು ಅವಶ್ಯ. ಅಂದು ಪ್ರತಿ ತಂಡವೂ ತನ್ನ ಪಂದ್ಯಗಳ ಪ್ರಸಾರದ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು. ನ್ಯೂಯಾರ್ಕ್, ಷಿಕಾಗೋ, ಲಾಸ್ ಏಂಜಲೀಸ್‌ನಂತಹ ಮಹಾನಗರಗಳಲ್ಲಿ ಲಕ್ಷಾಂತರ ಮನೆಗಳು, ಹಣವುಳ್ಳ ಜಾಹೀರಾತುದಾರರು. ಆ ತಂಡಗಳಿಗೆ ಸುಗ್ಗಿ. ಸುಮಾರು ಅರವತ್ತು ಸಾವಿರ ಜನರ ಗ್ರೀನ್ ಬೇಗೆ ಯಾರು ಎಷ್ಟು ಕೊಟ್ಟಾರು? ಆ ತಂಡಕ್ಕೆ ಒಬ್ಬ ಶ್ರೀಮಂತ ಒಡೆಯನೂ ಇರಲಿಲ್ಲ. ಊರಿನ ಜನರೇ ಷೇರು ಕೊಂಡು ಅದನ್ನು ಉಳಿಸಿಕೊಂಡು ಬಂದಿದ್ದರು. ದೊಡ್ಡ ಊರುಗಳು ಹೀಗೆಯೇ ಬೆಳೆದರೆ ಒಳ್ಳೆಯ ಆಟಗಾರರೆಲ್ಲ ಹಣವಿದ್ದ ಕಡೆ ಸೇರುವರು, ಸಣ್ಣ ಊರಿನ ತಂಡಗಳು ಒಂದೊಂದಾಗಿ ಮುಚ್ಚುವವು, ಕಡೆಗೆ ದೊಡ್ಡವರಿಗೆ ಎದುರು ಆಡುವವರೇ ಇಲ್ಲದಂತಾಗುವುದು. ಈ ಅಪಾಯವನ್ನು ಹೊಸ ಮುಖ್ಯಸ್ಥ ಸ್ಪಷ್ಟವಾಗಿ ಕಂಡ.

ಪರಿಹಾರವೂ ಸರಳವಾಗಿಯೇ ಇತ್ತು. ಎಲ್ಲ ತಂಡಗಳ ಹಕ್ಕನ್ನೂ ಒಂದೇ ಗಂಟಾಗಿ ಕಟ್ಟಿ ಲೀಗು ಮಾರಬೇಕು, ಬಂದ ಹಣವನ್ನು ನ್ಯೂಯಾರ್ಕಿಗೂ ಗ್ರೀನ್ ಬೇಗೂ ಸಮನಾಗಿ ಹಂಚಬೇಕು. ಈ ಉಪಾಯ ರೊಜೆಲ್‌ನ ಸ್ವಂತ ಸೃಷ್ಟಿಯಲ್ಲವೆಂಬುದನ್ನೂ ಹೇಳಬೇಕು. 1960ರಲ್ಲಿ ಆಟ ಆರಂಭಿಸಿದ ಪ್ರತಿಸ್ಪರ್ಧಿ ಅಮೆರಿಕನ್ ಫುಟ್‌ಬಾಲ್ ಲೀಗು ಆಗಲೇ ಹಾಗೆ ಮಾಡಿತ್ತು. ಆದರೆ ಬರಿಗೈಯವರು ಕೂಡಿ ಹಂಚಿಕೊಳ್ಳುವುದು ಬೇರೆ, ತುಂಬಿದ ಕಣಜದವರನ್ನು ಹಂಚಿಕೆಗೆ ಒಪ್ಪಿಸುವುದು ಬೇರೆ. ನ್ಯೂಯಾರ್ಕಿನ ಮಾರಾ ಸಹೋದರರನ್ನೂ ಷಿಕಾಗೋದ ಜಾರ್ಜ್ ಹ್ಯಾಲಸ್‌ರನ್ನೂ ಲಾಸ್ ಏಂಜಲೀಸಿನ ಡ್ಯಾನ್ ರೀವ್ಸ್‌ರನ್ನೂ ರೊಜೆಲ್ ಒಪ್ಪಿಸಿದ. ಇಂದಿನ ತಮ್ಮ ಲಾಭವನ್ನು ಬಿಟ್ಟುಕೊಟ್ಟು ನಾಳಿನ ಎಲ್ಲರ ಲಾಭವನ್ನು ನಂಬುವಂತೆ ಧನಿಕರನ್ನು ಒಲಿಸಿದ್ದೇ ಆತನ ಜೀವಮಾನದ ಮಹತ್ಕಾರ್ಯವೆಂದು ನನಗೆ ತೋರುತ್ತದೆ.

ಕಾನೂನು ಅಡ್ಡ ಬಂತು. 1961ರಲ್ಲಿ ಸಿಬಿಎಸ್ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದವನ್ನು ಫಿಲಡೆಲ್ಫಿಯದ ನ್ಯಾಯಾಧೀಶರು ಆ ಜುಲೈನಲ್ಲಿ ಅಸಿಂಧುವೆಂದು ಸಾರಿದರು. ಸ್ವತಂತ್ರ ವರ್ತಕರೆಲ್ಲ ಕೂಡಿ ಒಂದೇ ಬೆಲೆ ಕಟ್ಟುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂಬುದು ಅವರ ತೀರ್ಮಾನ. ರೊಜೆಲ್ ಎದೆಗುಂದದೆ ವಾಷಿಂಗ್ಟನ್ನಿಗೆ ಹೋಗಿ ಶಾಸನಸಭೆಯ ಸದಸ್ಯರ ಬಾಗಿಲು ತಟ್ಟಿದ. ಕೆಲವೇ ವಾರಗಳಲ್ಲಿ ಹೊಸ ಮಸೂದೆ ಅಂಗೀಕಾರವಾಗಿ, 1961ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ಕೆನಡಿ ಅದಕ್ಕೆ ಸಹಿ ಹಾಕಿದರು. ಲೀಗುಗಳು ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರಬಹುದೆಂಬ ವಿನಾಯಿತಿ ಹೀಗೆ ಹುಟ್ಟಿತು. ಆ ವರ್ಷದ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಆ ಸಣ್ಣ ಊರಿನ ತಂಡ, ತನಗಾಗಿ ಪಾಲು ಬಿಟ್ಟುಕೊಟ್ಟ ನ್ಯೂಯಾರ್ಕನ್ನೇ 37–0 ಅಂತರದಿಂದ ಮಣಿಸಿತು. ಉಪಕಾರಕ್ಕೆ ಪ್ರತ್ಯುಪಕಾರ ಯಾವಾಗಲೂ ಹೀಗೆಯೇ ಇರುತ್ತದೆಯೋ ಏನೋ!

ಇಲ್ಲಿಂದ ಬೆಲೆಯ ಏರಿಕೆಯ ಕಥೆ ಆರಂಭ. 1962ರ ಒಪ್ಪಂದ ವರ್ಷಕ್ಕೆ 46 ಲಕ್ಷ 50 ಸಾವಿರ ಡಾಲರಿನದು. ಹದಿನಾಲ್ಕು ತಂಡಗಳಿಗೆ ಹಂಚಿದರೆ ತಲಾ ಮೂರು ಲಕ್ಷದ ಮೂವತ್ತು ಸಾವಿರದಷ್ಟು. ಎರಡೇ ವರ್ಷಗಳ ತರುವಾಯ, 1964ರ ಜನವರಿಯಲ್ಲಿ ಮೂರು ಟೆಲಿವಿಷನ್ ಕಂಪನಿಗಳು ಮೊಹರು ಹಾಕಿದ ಲಕೋಟೆಗಳಲ್ಲಿ ತಮ್ಮ ಬೆಲೆ ಕೂಗಿದವು. ಸಿಬಿಎಸ್ ವರ್ಷಕ್ಕೆ 1 ಕೋಟಿ 41 ಲಕ್ಷ ಡಾಲರ್ ಕೊಟ್ಟು ಗೆದ್ದಿತು. ಬೆಲೆ ಮೂರು ಪಟ್ಟಾಯಿತು. ಪ್ರತಿ ತಂಡಕ್ಕೂ ಹತ್ತು ಲಕ್ಷ ಡಾಲರ್ ಬಂತು. ಇದರ ಮರ್ಮ ನಮ್ಮ ಸಂತೆಯ ವ್ಯಾಪಾರ ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮಾರುವವನು ಒಬ್ಬ, ಕೊಳ್ಳಲು ಹವಣಿಸುವವರು ಮೂವರು. ಸರಕೋ ಬೇರೆಲ್ಲಿಯೂ ಸಿಕ್ಕದು, ನಾಳೆಗೆ ಉಳಿಯದು.

ರೊಜೆಲ್ ತಪ್ಪೇ ಮಾಡದವನಲ್ಲ. 1963ರ ನವೆಂಬರಿನಲ್ಲಿ ಕೆನಡಿಯವರ ಹತ್ಯೆಯಾದ ಎರಡೇ ದಿನಗಳಿಗೆ, ದೇಶವೆಲ್ಲ ಶೋಕದಲ್ಲಿ ಮುಳುಗಿದ್ದಾಗ, ಭಾನುವಾರದ ಪಂದ್ಯಗಳನ್ನು ನಡೆಯಗೊಟ್ಟ. ತನ್ನ ಲೀಗಿಗೆ ಜೀವದಾನ ಮಾಡಿದ ಕಾನೂನಿಗೆ ಸಹಿ ಹಾಕಿದ ಕೈ ಅದಾಗಿತ್ತು. ಟೆಲಿವಿಷನ್ ಆ ದಿನ ಆಟವನ್ನು ಬಿಟ್ಟು ಅಧ್ಯಕ್ಷರ ಅಂತ್ಯಯಾತ್ರೆಯನ್ನು ತೋರಿಸಿತು. ಅದೇ ತನ್ನ ಬಾಳಿನ ದೊಡ್ಡ ತಪ್ಪೆಂದು ಆತ ಮುಂದೆ ಮನಸಾರೆ ಒಪ್ಪಿಕೊಂಡ.

1966ರಲ್ಲಿ ಪ್ರತಿಸ್ಪರ್ಧಿ ಲೀಗಿನೊಡನೆ ವಿಲೀನದ ಒಪ್ಪಂದವಾಯಿತು. 1967ರ ಜನವರಿ 15ರಂದು ಲಾಸ್ ಏಂಜಲೀಸಿನಲ್ಲಿ ಮುಂದೆ ಸೂಪರ್ ಬೌಲ್ ಎಂದು ಜಗತ್ಪ್ರಸಿದ್ಧವಾದ ಪಂದ್ಯ ಮೊದಲ ಬಾರಿಗೆ ನಡೆಯಿತು. ಗೆದ್ದದ್ದು ಅದೇ ಗ್ರೀನ್ ಬೇ. 1970ರಲ್ಲಿ ಸೋಮವಾರದ ರಾತ್ರಿಯನ್ನೂ ಎಬಿಸಿ ಕಂಪನಿಗೆ ಮಾರಿ, ಹಬ್ಬದ ದಿನವನ್ನು ವಾರಕ್ಕೆ ಎರಡು ಮಾಡಿದ. 1978ರ ಹೊತ್ತಿಗೆ ಪ್ರತಿ ತಂಡದ ಪಾಲು ವರ್ಷಕ್ಕೆ 50 ಲಕ್ಷ ಡಾಲರನ್ನು ದಾಟಿತು. 1982ರ ಐದು ವರ್ಷದ ಒಪ್ಪಂದ 200 ಕೋಟಿಯನ್ನು ಮೀರಿತು.

ಆದರೆ ಹಂಚಿಕೆಯ ಈ ಧರ್ಮಕ್ಕೆ ಒಂದು ಎಲ್ಲೆಯಿತ್ತು. ಸಮಪಾಲು ಒಡೆಯ ಒಡೆಯರ ನಡುವೆ ಮಾತ್ರ. ತಂಡ ತನ್ನ ಊರಿನಲ್ಲಿ ಆಡುವಾಗ ಆ ಊರಿನವರಿಗೆ ಟೆಲಿವಿಷನ್ನಿನಲ್ಲಿ ಆಟ ತೋರಿಸದಿರುವುದು ಬೆಲ್ ಅವರ ಕಾಲದಿಂದ ಬಂದ ಪದ್ಧತಿ. ಮೈದಾನದ ಟಿಕೆಟುಗಳೆಲ್ಲ ಮುಗಿದಿದ್ದರೂ ಈ ನಿರ್ಬಂಧ ತಪ್ಪುತ್ತಿರಲಿಲ್ಲ. ರೊಜೆಲ್ ಅದನ್ನು ಬಿಡಲೊಲ್ಲದೆ ಕಾದಾಡಿದ. 1973ರಲ್ಲಿ ಶಾಸನಸಭೆಯೇ ಕಾನೂನು ಮಾಡಿ, ಎಪ್ಪತ್ತೆರಡು ಗಂಟೆ ಮೊದಲೇ ಟಿಕೆಟು ಮುಗಿದರೆ ಆಟವನ್ನು ತೋರಿಸಲೇಬೇಕೆಂದು ವಿಧಿಸಿತು. ಆಟಗಾರರೂ ತಮ್ಮ ಪಾಲೆಲ್ಲಿ ಎಂದು ಕೇಳಿದರು. ಟೆಲಿವಿಷನ್ ಹಣ ಉಕ್ಕಿ ಹರಿದ 1982ರಲ್ಲಿಯೇ ಆದಾಯದ ನಿರ್ದಿಷ್ಟ ಭಾಗಕ್ಕಾಗಿ ಐವತ್ತೇಳು ದಿನ ಮುಷ್ಕರ ಹೂಡಿದರು. ಒಡೆಯರಲ್ಲೂ ಒಡಕು ಮೂಡಿತು. ಓಕ್‌ಲೆಂಡಿನ ಆಲ್ ಡೇವಿಸ್ ನ್ಯಾಯಾಲಯದಲ್ಲಿ ಲೀಗನ್ನು ಸೋಲಿಸಿ ತನ್ನ ತಂಡವನ್ನು ಲಾಸ್ ಏಂಜಲೀಸಿಗೆ ಒಯ್ದ. ಮುಗುಳ್ನಗೆಯಿಂದ ಎಲ್ಲರನ್ನೂ ಒಲಿಸುತ್ತಿದ್ದ ಮನುಷ್ಯ ಸಾಕ್ಷಿಯ ಕಟಕಟೆಯಲ್ಲಿ ದಿನಗಳನ್ನು ಕಳೆಯಬೇಕಾಯಿತು. ಬಳಲಿದ ರೊಜೆಲ್ 1989ರ ಮಾರ್ಚಿನಲ್ಲಿ ನಿವೃತ್ತಿಯನ್ನು ಘೋಷಿಸಿದ. 1996ರ ಡಿಸೆಂಬರ್ 6ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಮೆದುಳಿನ ಕ್ಯಾನ್ಸರಿನಿಂದ ಕ್ಯಾಲಿಫೋರ್ನಿಯದಲ್ಲಿ ಕಣ್ಮುಚ್ಚಿದ.

ಆತ ಹೋದರೂ ಆತ ಹೂಡಿದ ಯಂತ್ರ ನಿಲ್ಲಲಿಲ್ಲ. 1998ರ ಎಂಟು ವರ್ಷಗಳ ಒಪ್ಪಂದ 1,760 ಕೋಟಿ ಡಾಲರಿನದು. 2021ರಲ್ಲಿ ಆದ ಹನ್ನೊಂದು ವರ್ಷಗಳ ಒಪ್ಪಂದಗಳ ಮೊತ್ತ ಸುಮಾರು 11,000 ಕೋಟಿ ಡಾಲರ್, ಎಂದರೆ ವರ್ಷಕ್ಕೆ ಸಾವಿರ ಕೋಟಿ. ಹಣದ ಬೆಲೆ ಇಳಿದದ್ದನ್ನು ಕಳೆದು ನೋಡಿದರೂ ಇದು ಬೆರಗು ಹುಟ್ಟಿಸುವ ಮೊತ್ತವೇ. ನಮ್ಮಲ್ಲಿಯೂ 2022ರಲ್ಲಿ ಐಪಿಎಲ್ ಕ್ರಿಕೆಟ್ಟಿನ ಐದು ವರ್ಷಗಳ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾದುದನ್ನು ವಾಚಕರು ಬಲ್ಲರು. ಹಕ್ಕುಗಳನ್ನು ಒಂದೇ ಗಂಟಾಗಿ ಮಾರಿ ತಂಡಗಳಿಗೆ ಪಾಲು ಕೊಡುವ ಕ್ರಮ ಅಲ್ಲಿಯೂ ಇದೆ.

ಗ್ರೀನ್ ಬೇ ತಂಡ ಊರಿನವರದ್ದಾದ್ದರಿಂದ ವರ್ಷವರ್ಷವೂ ತನ್ನ ಲೆಕ್ಕವನ್ನು ಬಹಿರಂಗಪಡಿಸುತ್ತದೆ. 2024ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಲೀಗಿನಿಂದ ಬಂದ ಪಾಲು 40 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಬಹುಭಾಗ ಟೆಲಿವಿಷನ್ನಿನದು. ಲಕ್ಷ ಜನರ ಊರಿಗೂ ನ್ಯೂಯಾರ್ಕಿಗೂ ಇಂದಿಗೂ ಒಂದೇ ಪಾಲು. ಇತ್ತ ಅದೇ ವರ್ಷದ ಜೂನ್‌ನಲ್ಲಿ, ಹೊರ ಊರಿನ ಪಂದ್ಯಗಳ ಚಂದಾದಾರರು ಹೂಡಿದ ಮೊಕದ್ದಮೆಯಲ್ಲಿ ಲಾಸ್ ಏಂಜಲೀಸಿನ ಪಂಚರು ಲೀಗಿನ ವಿರುದ್ಧ ತೀರ್ಪಿತ್ತು, 470 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದರು. ಆಗಸ್ಟ್ 1ರಂದು ನ್ಯಾಯಾಧೀಶರು ಅದನ್ನು ರದ್ದುಪಡಿಸಿದರು. ಒಟ್ಟಾಗಿ ಮಾರುವ ವಿನಾಯಿತಿ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ 1961ರ ಪ್ರಶ್ನೆ ಹೀಗೆ ಇನ್ನೂ ಜೀವಂತವಾಗಿದೆ.

ಹಾಗಾದರೆ ರೊಜೆಲ್ ಉಪಕಾರಿಯೋ ಅಪಕಾರಿಯೋ? ನನ್ನ ಅಲ್ಪಮತಿಗೆ ತೋರುವುದಿಷ್ಟು. ಬಲಿಷ್ಠನು ದುರ್ಬಲನನ್ನು ನುಂಗದಂತೆ ತಡೆದ ಕೈಯೇ, ನೋಡುವವನ ಚೌಕಾಶಿಯ ಹಕ್ಕನ್ನೂ ಕಸಿದುಕೊಂಡಿತು. ಹಂಚಿಕೊಳ್ಳಲು ಕೂಡಿದವರು ಕೂಡಿಯೇ ಬೆಲೆ ಹೇಳತೊಡಗಿದರು. ಪಂಕ್ತಿಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸಿದ್ದು ನಿಜ. ಆದರೆ ಅಡಿಗೆಗೆ ಅಕ್ಕಿ ತಂದವನಿಗೆ ಎಲೆ ಹಾಕಿರಲಿಲ್ಲ.

ನಾನು ಹೊರಡುವ ಹಿಂದಿನ ಭಾನುವಾರ ಇದನ್ನೆಲ್ಲ ಆ ವೃದ್ಧರ ಮುಂದೆ ಹೇಳಿದೆ. ಅವರು ತಲೆದೂಗಿದರು. ಮುಂದಿನ ವರ್ಷ ಚಂದಾ ಕಟ್ಟುವುದೋ ಬಿಡುವುದೋ ಇನ್ನೂ ನಿಶ್ಚಯಿಸಿಲ್ಲವೆಂದರು. ತಾವು ಹುಡುಗರಾಗಿದ್ದಾಗ, ತಂಡ ಊರು ಬಿಟ್ಟುಹೋಗುವುದೆಂಬ ವದಂತಿ ಕೇಳಿ ತಮ್ಮ ತಂದೆ ಒಂದು ರಾತ್ರಿ ಊಟ ಮಾಡದೆ ಎದ್ದುಹೋದದ್ದನ್ನು ನೆನೆದರು. ಅಷ್ಟರಲ್ಲಿ ಆಟ ಆರಂಭವಾಯಿತು. ಅವರು ಮಾತು ನಿಲ್ಲಿಸಿ, ಹಸಿರು ಬಣ್ಣದ ಹಳೆಯ ಟೋಪಿಯನ್ನು ತಲೆಗೇರಿಸಿಕೊಂಡು, ನನಗೂ ಒಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದರು.